ಕಥೋಲಿಕ ಗುರು ಅಭ್ಯರ್ಥಿಗಳ ಶಿಕ್ಷಣಕ್ಕೆ ದಾನ

ಕಥೋಲಿಕ ಧರ್ಮಸಭೆಯಲ್ಲಿ ಗುರುಗಳಾಗಲು (ಪಾದ್ರಿಗಳಾಗಲು) ತರಬೇತಿ ಪಡೆಯುತ್ತಿರುವ ಯುವಕರ ಊಟ, ವಸತಿ, ಬೋಧನೆ, ಪುಸ್ತಕ ಹಾಗೂ ವೈದ್ಯಕೀಯ ವೆಚ್ಚಗಳಿಗಾಗಿ ಭಕ್ತಜನರು ಮತ್ತು ಸಂಸ್ಥೆಗಳು ನೀಡುವ ನೆರವನ್ನು ಗುರು ಅಭ್ಯರ್ಥಿಗಳ ಶಿಕ್ಷಣಕ್ಕೆ ನೀಡುವ ದಾನ ಎನ್ನಲಾಗುತ್ತದೆ. ಭಾನುವಾರದ ಕಾಣಿಕೆಯಿಂದ ಹಿಡಿದು ಶಾಶ್ವತ ದತ್ತಿನಿಧಿಯವರೆಗೆ ಇದಕ್ಕೆ ಹಲವು ರೂಪಗಳಿವೆ. ಈ ಉದ್ದೇಶಕ್ಕಾಗಿಯೇ ಜಗತ್ತಿನಾದ್ಯಂತ ಕೆಲಸ ಮಾಡುವ ಪ್ರಮುಖ ಸಂಸ್ಥೆ ಸಂತ ಪೇತ್ರ ಪ್ರೇಷಿತರ ಸಂಘ. ಇದನ್ನು 1889ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಸ್ತೆಫನಿ ಬಿಗಾರ್ ಮತ್ತು ಆಕೆಯ ಮಗಳು ಝಾನ್ ಬಿಗಾರ್ ಆರಂಭಿಸಿದರು. ಬಡತನದ ಕಾರಣದಿಂದ ಯೋಗ್ಯ ಅಭ್ಯರ್ಥಿಯೊಬ್ಬನು ಗುರುದೀಕ್ಷೆಯಿಂದ ವಂಚಿತನಾಗಬಾರದು ಎಂಬುದು ಈ ದಾನದ ಹಿಂದಿರುವ ಮೂಲ ತತ್ತ್ವ.

ಪದಗಳ ಅರ್ಥ

ಗುರುಗಳ ತರಬೇತಿ ಸಂಸ್ಥೆಗೆ 'ಸೆಮಿನರಿ' ಎಂಬ ಹೆಸರಿದೆ. ಇದು 'ಸೆಮಿನಾರಿಯುಂ' ಎಂಬ ಲ್ಯಾಟಿನ್ ಪದದಿಂದ ಬಂದುದು. ಆ ಪದದ ಮೂಲಾರ್ಥ ಸಸಿಮಡಿ. ಬೀಜ ಬಿತ್ತಿ, ನೀರೆರೆದು, ಸಸಿ ಗಟ್ಟಿಯಾದ ಮೇಲೆ ಗದ್ದೆಗೆ ನಾಟಿ ಮಾಡುವಂತೆ, ಅಭ್ಯರ್ಥಿಗಳನ್ನು ಒಂದೆಡೆ ಬೆಳೆಸಿ ಆಮೇಲೆ ಊರೂರುಗಳ ಸೇವೆಗೆ ಕಳುಹಿಸುವುದೆಂಬ ಕಲ್ಪನೆ ಇದರಲ್ಲಿದೆ. ಕನ್ನಡ ಕಥೋಲಿಕರ ಬರವಣಿಗೆಯಲ್ಲಿ ಸೆಮಿನರಿಗೆ 'ಗುರುಮಠ' ಎಂಬ ಪದವೂ, ಗುರುಜೀವನದತ್ತ ಒಬ್ಬನಿಗೆ ಉಂಟಾಗುವ ಅಂತರಂಗದ ಒಲವಿಗೆ 'ದೈವಕರೆ' ಎಂಬ ಪದವೂ ಬಳಕೆಯಲ್ಲಿವೆ. ಧರ್ಮಾಧ್ಯಕ್ಷರ (ಬಿಷಪ್) ಆಡಳಿತಕ್ಕೊಳಪಟ್ಟ ಪ್ರದೇಶವನ್ನು ಧರ್ಮಕ್ಷೇತ್ರವೆಂದೂ, ಒಂದು ಚರ್ಚಿನ ವ್ಯಾಪ್ತಿಯನ್ನು ಧರ್ಮಕೇಂದ್ರವೆಂದೂ ಕರೆಯುತ್ತಾರೆ.

ಅಭ್ಯರ್ಥಿಯೊಬ್ಬನ ಖರ್ಚಿಗಾಗಿ ಮೀಸಲಿಟ್ಟ ನಿಧಿಗೆ ಇಂಗ್ಲಿಷಿನಲ್ಲಿ 'ಬರ್ಸ್' ಎನ್ನುತ್ತಾರೆ. ಹಣದ ಚೀಲ ಎಂಬರ್ಥದ ಲ್ಯಾಟಿನ್ 'ಬುರ್ಸಾ' ಇದರ ಮೂಲ. ನಮ್ಮ ಶಾಲಾ ಕಾಲೇಜುಗಳಲ್ಲಿ ಹಿರಿಯರ ಹೆಸರಿನಲ್ಲಿ ಇಡುವ ದತ್ತಿನಿಧಿಗೆ ಇದು ಸಮಾನವಾದುದು.

ಶಿಕ್ಷಣದ ಅವಧಿ ಮತ್ತು ವೆಚ್ಚ

ಕಥೋಲಿಕ ಗುರುವಿನ ತರಬೇತಿ ದೀರ್ಘವಾದುದು. 1983ರ ಧರ್ಮಸಭಾ ಕಾನೂನು ಸಂಹಿತೆಯ 250ನೆಯ ವಿಧಿಯಂತೆ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರಗಳ ಅಧ್ಯಯನ ಒಟ್ಟು ಕನಿಷ್ಠ ಆರು ಪೂರ್ಣ ವರ್ಷಗಳಷ್ಟಿರಬೇಕು. ಅದರಲ್ಲಿ ಎರಡು ವರ್ಷಗಳಷ್ಟು ಕಾಲ ತತ್ತ್ವಶಾಸ್ತ್ರಕ್ಕೆ, ನಾಲ್ಕು ವರ್ಷಗಳಷ್ಟು ಕಾಲ ದೈವಶಾಸ್ತ್ರಕ್ಕೆ ಮೀಸಲು. ಇದಕ್ಕೆ ಮುನ್ನ ಪೂರ್ವಸಿದ್ಧತೆಯ ಅವಧಿಯೂ, ನಡುವೆ ಧರ್ಮಕೇಂದ್ರದಲ್ಲೋ ಶಾಲೆಯಲ್ಲೋ ಅನುಭವ ಪಡೆಯುವ ಅವಧಿಯೂ ಇರುತ್ತವೆ. ಭಾರತದಲ್ಲಿ ಅಭ್ಯರ್ಥಿಗಳು ಇದರೊಂದಿಗೆ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆಯುವುದುಂಟು. ಹೀಗಾಗಿ ಪದವಿಪೂರ್ವ ಶಿಕ್ಷಣ ಮುಗಿಸಿ ಸೇರಿದ ಯುವಕನು ಗುರುದೀಕ್ಷೆ ಪಡೆಯುವ ವೇಳೆಗೆ ಒಂಬತ್ತು ಹತ್ತು ವರ್ಷಗಳೇ ಕಳೆದಿರುತ್ತವೆ.

ಇಷ್ಟು ಕಾಲವೂ ಅಭ್ಯರ್ಥಿಗೆ ಸಂಪಾದನೆಯಿಲ್ಲ. ಆತನ ಓರಗೆಯವರು ಉದ್ಯೋಗ ಹಿಡಿದು ಮನೆಗೆ ಹಣ ಕಳುಹಿಸುವ ವಯಸ್ಸಿನಲ್ಲಿ ಆತನು ವಿದ್ಯಾರ್ಥಿಯಾಗಿಯೇ ಉಳಿದಿರುತ್ತಾನೆ. ಕೂಲಿ, ಸಣ್ಣ ಬೇಸಾಯ ಅಥವಾ ಮೀನುಗಾರಿಕೆಯನ್ನು ನಂಬಿದ ಕುಟುಂಬಕ್ಕೆ ಮಗನ ದುಡಿಮೆ ತಪ್ಪಿಹೋಗುವುದೇ ಒಂದು ದೊಡ್ಡ ತ್ಯಾಗ. ಅದರ ಮೇಲೆ ಶುಲ್ಕವನ್ನೂ ತೆರಬೇಕೆಂದರೆ ಅದು ಆಗದ ಮಾತು. ಆದುದರಿಂದ ಕುಟುಂಬವು ತನ್ನ ಶಕ್ತಿಗೆ ತಕ್ಕಷ್ಟು ಕೊಡುವುದು, ಉಳಿದುದನ್ನು ಧರ್ಮಕ್ಷೇತ್ರವು ಭರಿಸುವುದು ಸಾಮಾನ್ಯ ಪದ್ಧತಿಯಾಗಿದೆ. ಯೇಸುಸಭೆ, ಕಪುಚಿನ್ ಮುಂತಾದ ಧಾರ್ಮಿಕ ಸಭೆಗಳಿಗೆ ಸೇರಿದ ಅಭ್ಯರ್ಥಿಗಳ ಖರ್ಚನ್ನು ಆಯಾ ಸಭೆಗಳೇ ನೋಡಿಕೊಳ್ಳುತ್ತವೆ.

ಗುರುಮಠವೊಂದರ ಖರ್ಚು ವಿದ್ಯಾರ್ಥಿಗಳ ಊಟ ವಸತಿಗೆ ಮುಗಿಯುವುದಿಲ್ಲ. ಅಧ್ಯಾಪಕರ ಗೌರವಧನ, ಗ್ರಂಥಾಲಯ, ಅಡಿಗೆಯವರ ಮತ್ತು ಇತರ ನೌಕರರ ಸಂಬಳ, ವಿದ್ಯುತ್, ನೀರು, ಹಳೆಯ ಕಟ್ಟಡಗಳ ದುರಸ್ತಿ ಇವೆಲ್ಲವೂ ಸೇರುತ್ತವೆ. ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಾದರೂ ಇವುಗಳಲ್ಲಿ ಬಹುಪಾಲು ಖರ್ಚು ಇಳಿಯದು.

ಇತಿಹಾಸ

ಟ್ರೆಂಟ್ ಮಹಾಸಭೆ

ಮಧ್ಯಯುಗದ ಯೂರೋಪಿನಲ್ಲಿ ಗುರುಗಳ ಶಿಕ್ಷಣಕ್ಕೆ ಏಕರೂಪದ ವ್ಯವಸ್ಥೆ ಇರಲಿಲ್ಲ. ಕೆಲವರು ವಿಶ್ವವಿದ್ಯಾಲಯಗಳಲ್ಲಿ ಓದಿದರೆ, ಹಳ್ಳಿಗಾಡಿನ ಹಲವರು ಊರಿನ ಹಿರಿಯ ಗುರುವಿನ ಬಳಿಯಿದ್ದು ಪೂಜಾವಿಧಿಗಳನ್ನಷ್ಟೇ ಕಲಿಯುತ್ತಿದ್ದರು. ಈ ಕೊರತೆಯನ್ನು ನೀಗಲು ಟ್ರೆಂಟ್ ಮಹಾಸಭೆಯು 1563ರ ಜುಲೈ 15ರಂದು ನಡೆದ ತನ್ನ 23ನೆಯ ಅಧಿವೇಶನದಲ್ಲಿ ಪ್ರತಿಯೊಂದು ಧರ್ಮಕ್ಷೇತ್ರವೂ ಗುರುಮಠವನ್ನು ಸ್ಥಾಪಿಸಬೇಕೆಂದು ಆದೇಶಿಸಿತು.

ಈ ಆದೇಶವು ಹಣಕಾಸಿನ ವಿಷಯದಲ್ಲಿಯೂ ಸ್ಪಷ್ಟವಾಗಿತ್ತು. ಆಯ್ಕೆಯಲ್ಲಿ ಬಡವರ ಮಕ್ಕಳಿಗೆ ಮೊದಲ ಆದ್ಯತೆ ನೀಡಬೇಕು. ಧನಿಕರ ಮಕ್ಕಳನ್ನು ಹೊರಗಿಡಬೇಕಾಗಿಲ್ಲ, ಆದರೆ ಅವರು ತಮ್ಮ ಖರ್ಚನ್ನು ತಾವೇ ಭರಿಸಬೇಕು ಎಂದು ಅದು ವಿಧಿಸಿತು. ಧರ್ಮಾಧ್ಯಕ್ಷರ ಆದಾಯವೂ ಸೇರಿದಂತೆ ಧರ್ಮಕ್ಷೇತ್ರದ ವಿವಿಧ ಧಾರ್ಮಿಕ ಆದಾಯಗಳಿಂದ ಒಂದು ಪಾಲನ್ನು ಗುರುಮಠಕ್ಕಾಗಿ ತೆಗೆದಿಡಬೇಕೆಂಬ ನಿಯಮವೂ ಅದರಲ್ಲಿತ್ತು. ಎಂದರೆ, ಅಭ್ಯರ್ಥಿಗಳ ಪೋಷಣೆಯು ಯಾರೋ ಕೆಲವರ ಕನಿಕರಕ್ಕೆ ಬಿಟ್ಟ ವಿಷಯವಾಗಿರದೆ ಇಡೀ ಸಮುದಾಯದ ಹೊಣೆಯಾಯಿತು.

ರೋಮಿನ ಕಾಲೇಜುಗಳು

ತಮ್ಮ ದೇಶದಲ್ಲಿ ತರಬೇತಿ ಸಾಧ್ಯವಿಲ್ಲದವರಿಗಾಗಿ ಬೇರೆ ದೇಶಗಳಲ್ಲಿ ಕಾಲೇಜುಗಳು ಆರಂಭವಾದವು. ಜರ್ಮನ್ ಅಭ್ಯರ್ಥಿಗಳಿಗಾಗಿ 1552ರಲ್ಲಿ ಸಂತ ಇಗ್ನೇಷಿಯಸ್ ಲೊಯೋಲ ರೋಮಿನಲ್ಲಿ ಸ್ಥಾಪಿಸಿದ ಜರ್ಮನಿಕುಂ ಕಾಲೇಜು ಆರಂಭದ ವರ್ಷಗಳಲ್ಲಿ ಹಣದ ತೀವ್ರ ಕೊರತೆಯನ್ನು ಎದುರಿಸಿತು. 1573ರಲ್ಲಿ ಹದಿಮೂರನೆಯ ಗ್ರೆಗೋರಿ ಪೋಪರು ಸ್ಥಿರವಾದ ಆದಾಯವನ್ನು ಒದಗಿಸಿದ ಬಳಿಕವೇ ಅದು ನೆಲೆ ನಿಂತಿತು. ಇಂಗ್ಲೆಂಡಿನಲ್ಲಿ ಕಥೋಲಿಕರಿಗೆ ನಿರ್ಬಂಧವಿದ್ದ ಕಾಲದಲ್ಲಿ ವಿಲಿಯಂ ಆಲೆನ್ 1568ರಲ್ಲಿ ದುವೇ ನಗರದಲ್ಲಿ ಇಂಗ್ಲಿಷ್ ಅಭ್ಯರ್ಥಿಗಳಿಗಾಗಿ ಕಾಲೇಜನ್ನು ತೆರೆದನು. ಅದೂ ಹೊರಗಿನವರ ನೆರವನ್ನು ಆಶ್ರಯಿಸಿತ್ತು.

ಏಷ್ಯಾ ಮತ್ತು ಆಫ್ರಿಕಾದ ಅಭ್ಯರ್ಥಿಗಳ ದೃಷ್ಟಿಯಿಂದ ಮುಖ್ಯವಾದುದು 1627ರಲ್ಲಿ ಎಂಟನೆಯ ಅರ್ಬನ್ ಪೋಪರು ಸ್ಥಾಪಿಸಿದ ಅರ್ಬನ್ ಕಾಲೇಜು. ಸ್ಪೇನಿನ ಧರ್ಮಾಧಿಕಾರಿ ಹುವಾನ್ ಬೌಟಿಸ್ಟಾ ವಿವೆಸ್ ರೋಮಿನಲ್ಲಿದ್ದ ತನ್ನ ಭವನವನ್ನು ಇದಕ್ಕಾಗಿ ದಾನ ಮಾಡಿದನು. 1630ರ ದಶಕದ ಕೊನೆಯಲ್ಲಿ ಕಾರ್ಡಿನಲ್ ಆಂಟೋನಿಯೊ ಬಾರ್ಬೆರಿನಿ ಪೂರ್ವ ದೇಶಗಳ ವಿದ್ಯಾರ್ಥಿಗಳಿಗಾಗಿ ಇಲ್ಲಿ ದತ್ತಿಸ್ಥಾನಗಳನ್ನು ಸ್ಥಾಪಿಸಿದನು. ಅವುಗಳಲ್ಲಿ ಕೆಲವು ಭಾರತೀಯರಿಗೆ ಮೀಸಲಾಗಿದ್ದವು.

ಇದೇ ಕಾಲದಲ್ಲಿ ಗೋವೆಯ ದಿವಾಡಿ ದ್ವೀಪದ ಮಥೇವುಸ್ ದ ಕಾಸ್ತ್ರೊ ಎಂಬ ಯುವಕನಿಗೆ ಗೋವೆಯಲ್ಲಿ ಗುರುದೀಕ್ಷೆ ದೊರೆಯಲಿಲ್ಲ. ಆತನು ರೋಮಿಗೆ ಹೋಗಿ ಅಧ್ಯಯನ ನಡೆಸಿ ಗುರುವಾದನು. 1637ರಲ್ಲಿ ಧರ್ಮಾಧ್ಯಕ್ಷನೂ ಆದನು. ಲ್ಯಾಟಿನ್ ವಿಧಿಯ ಮೊದಲ ಭಾರತೀಯ ಧರ್ಮಾಧ್ಯಕ್ಷನೆಂದು ಆತನನ್ನು ಗುರುತಿಸಲಾಗುತ್ತದೆ. ಆದಿಲ್‌ಶಾಹಿಗಳ ಬಿಜಾಪುರ ರಾಜ್ಯವೇ ಆತನಿಗೆ ವಹಿಸಲಾದ ಕಾರ್ಯಕ್ಷೇತ್ರವಾಗಿತ್ತು. ತವರಿನಲ್ಲಿ ಬಾಗಿಲು ಮುಚ್ಚಿದಾಗ ಹೊರಗಿನ ನೆರವಿನಿಂದ ಓದಿದವನು ಮೇಲೇರಿದ ನಿದರ್ಶನವಾಗಿ ಈ ಜೀವನಕಥೆಯನ್ನು ಇತಿಹಾಸಕಾರರು ಉಲ್ಲೇಖಿಸುತ್ತಾರೆ.

ಬಿಗಾರ್ ತಾಯಿ ಮತ್ತು ಮಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ದಾನದ ಸ್ವರೂಪ ಬದಲಾಯಿತು. ಅರಸರು ಮತ್ತು ಕಾರ್ಡಿನಲರ ಸ್ಥಾನಕ್ಕೆ ಸಾಮಾನ್ಯ ಭಕ್ತರು ಬಂದರು. ಫ್ರಾನ್ಸಿನ ಲಿಯೋಂ ನಗರದ ಪೋಲಿನ್ ಝಾರಿಕೊ ಎಂಬ ಯುವತಿಯ ಯೋಜನೆಯಿಂದ 1822ರಲ್ಲಿ ಆರಂಭವಾದ ವಿಶ್ವಾಸ ಪ್ರಸಾರ ಸಂಘವು ಹತ್ತು ಹತ್ತು ಜನರ ಗುಂಪುಗಳನ್ನು ಕಟ್ಟಿ, ಪ್ರತಿಯೊಬ್ಬರಿಂದ ವಾರಕ್ಕೊಂದು ಚಿಕ್ಕಾಸನ್ನು ಸಂಗ್ರಹಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಕಾರ್ಖಾನೆಯ ಹೆಣ್ಣುಮಕ್ಕಳೂ ಮನೆಗೆಲಸದವರೂ ಇದರಲ್ಲಿ ದಾನಿಗಳಾದರು.

ಝಾನ್ ಬಿಗಾರ್ 1859ರ ಡಿಸೆಂಬರ್ 2ರಂದು ನಾರ್ಮಂಡಿಯ ಕೂತಾಂಸ್ ಪಟ್ಟಣದಲ್ಲಿ ಜನಿಸಿದಳು. ತಾಯಿ ಸ್ತೆಫನಿಯೊಂದಿಗೆ ಕಾನ್ ನಗರದಲ್ಲಿ ನೆಲೆಸಿದ್ದ ಆಕೆಗೆ ಜಪಾನಿನಲ್ಲಿದ್ದ ಫ್ರೆಂಚ್ ಧರ್ಮಪ್ರಚಾರಕರೊಡನೆ ಪತ್ರವ್ಯವಹಾರವಿತ್ತು. ತಾಯಿ ಮಗಳಿಬ್ಬರೂ ಪೂಜಾವಸ್ತ್ರಗಳನ್ನು ಹೊಲಿದು ಕಳುಹಿಸುತ್ತಿದ್ದರು. ಕ್ಯೋಟೋದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರಿನ ಚರ್ಚಿನ ನಿರ್ಮಾಣಕ್ಕೆ ಹಣ ನೀಡಿದ್ದರು.

1889ರಲ್ಲಿ ನಾಗಸಾಕಿಯ ಧರ್ಮಾಧ್ಯಕ್ಷ ಜೂಲ್ ಅಲ್ಫೋನ್ಸ್ ಕುಜೆಂ ಅವರಿಂದ ಬಂದ ಪತ್ರವು ಅವರ ಬದುಕಿನ ದಿಕ್ಕನ್ನು ಬದಲಿಸಿತು. ಜಪಾನಿನಲ್ಲಿ ಕ್ರೈಸ್ತಧರ್ಮದ ಮೇಲಿನ ನಿಷೇಧ ತೆರವಾಗಿ ಆಗಿನ್ನೂ ಹದಿನಾರು ವರ್ಷಗಳಷ್ಟೇ ಆಗಿದ್ದವು. ಶತಮಾನಗಳ ಕಾಲ ಗುರುಗಳಿಲ್ಲದೆ ಗುಟ್ಟಾಗಿ ನಂಬಿಕೆಯನ್ನು ಉಳಿಸಿಕೊಂಡಿದ್ದ ಕುಟುಂಬಗಳ ಮಕ್ಕಳು ಗುರುಗಳಾಗಲು ಮುಂದೆ ಬರುತ್ತಿದ್ದರು. ಆದರೆ ಅವರನ್ನು ಸಾಕಲು ಹಣವಿಲ್ಲದೆ ಹಲವರನ್ನು ಹಿಂದಕ್ಕೆ ಕಳುಹಿಸಬೇಕಾದ ಸ್ಥಿತಿ ಒದಗಿದೆ ಎಂದು ಧರ್ಮಾಧ್ಯಕ್ಷರು ತಿಳಿಸಿದ್ದರು. ಚರ್ಚಿನ ಕಟ್ಟಡಗಳಿಗಿಂತ ಅದರೊಳಗೆ ಸೇವೆ ಸಲ್ಲಿಸುವ ಸ್ಥಳೀಯ ಗುರುಗಳನ್ನು ರೂಪಿಸುವುದೇ ಮುಖ್ಯವೆಂದು ತಾಯಿ ಮಗಳಿಗೆ ಮನವರಿಕೆಯಾಯಿತು. ಅಂದಿನಿಂದ ಅವರು ಸರಳ ಜೀವನ ನಡೆಸುತ್ತ ತಮ್ಮ ಸಂಪತ್ತನ್ನು ಈ ಕಾರ್ಯಕ್ಕೆ ತೊಡಗಿಸಿದರು. ಪರಿಚಿತರಲ್ಲಿ ನೆರವು ಯಾಚಿಸಿದರು. ಸಂಘಕ್ಕೆ ಸಂತ ಪೇತ್ರರ ಹೆಸರನ್ನಿಟ್ಟರು.

ಫ್ರಾನ್ಸಿನ ಅಂದಿನ ರಾಜಕೀಯ ಪರಿಸ್ಥಿತಿಯಲ್ಲಿ ಧಾರ್ಮಿಕ ಸಂಘವೊಂದು ಕಾನೂನಿನ ಮಾನ್ಯತೆ ಪಡೆದು ದತ್ತಿಗಳನ್ನು ಹೊಂದುವುದು ಕಷ್ಟವಾಗಿತ್ತು. ಆದುದರಿಂದ ಸಂಘದ ಕೇಂದ್ರವನ್ನು ಸ್ವಿಟ್ಜರ್ಲೆಂಡಿನ ಫ್ರೀಬೂರ್ ನಗರಕ್ಕೆ ಒಯ್ಯಲಾಯಿತು. ಅಲ್ಲಿ 1902ರಲ್ಲಿ ಅದಕ್ಕೆ ಮಾನ್ಯತೆ ದೊರೆಯಿತು. ಮರುವರ್ಷ ಸ್ತೆಫನಿ ತೀರಿಕೊಂಡಳು. ತಾಯಿಯ ಅಗಲಿಕೆಯ ನಂತರ ಝಾನ್ ಬಿಗಾರ್‌ಳ ಆರೋಗ್ಯ ಕುಸಿಯಿತು. ಸಂಘದ ಹೊಣೆಯನ್ನು ಆಕೆ ಮರಿಯಳ ಫ್ರಾನ್ಸಿಸ್ಕನ್ ಮಿಷನರಿ ಸಹೋದರಿಯರಿಗೆ ಒಪ್ಪಿಸಿದಳು. ಈ ಸಹೋದರಿಯರ ಸಭೆ 1877ರಲ್ಲಿ ನಮ್ಮ ನೆರೆಯ ನೀಲಗಿರಿಯ ಉದಕಮಂಡಲದಲ್ಲಿ ಹುಟ್ಟಿದುದೆಂಬುದು ಗಮನಾರ್ಹ. ಝಾನ್ ತನ್ನ ಉಳಿದ ಆಯುಷ್ಯದ ಬಹುಭಾಗವನ್ನು ಮಾನಸಿಕ ಅಸ್ವಾಸ್ಥ್ಯದಲ್ಲಿಯೇ ಕಳೆದು 1934ರ ಏಪ್ರಿಲ್ 28ರಂದು ಅಲಾನ್ಸೋನ್ ಪಟ್ಟಣದಲ್ಲಿ ನಿಧನಳಾದಳು. ತಾನು ಆರಂಭಿಸಿದ ಕಾರ್ಯ ಜಗತ್ತಿನಾದ್ಯಂತ ಹರಡುತ್ತಿದ್ದ ವರ್ಷಗಳಲ್ಲಿ ಆಕೆ ಅದರಿಂದ ದೂರವೇ ಉಳಿದಿದ್ದಳು.

ಪೋಪರ ಮನ್ನಣೆ

ಹದಿನೈದನೆಯ ಬೆನೆಡಿಕ್ಟ್ ಪೋಪರು 1919ರಲ್ಲಿ ಹೊರಡಿಸಿದ 'ಮ್ಯಾಕ್ಸಿಮುಂ ಇಲ್ಲುದ್' ಎಂಬ ಪತ್ರದಲ್ಲಿ ಸ್ಥಳೀಯ ಗುರುಗಳನ್ನು ಪೂರ್ಣ ಪ್ರಮಾಣದಲ್ಲಿ ತರಬೇತುಗೊಳಿಸಬೇಕೆಂದೂ, ಅವರನ್ನು ವಿದೇಶೀಯ ಗುರುಗಳ ಸಹಾಯಕರನ್ನಾಗಿ ಮಾತ್ರ ಕಾಣಬಾರದೆಂದೂ ಒತ್ತಿ ಹೇಳಿದರು. ಮರುವರ್ಷ ಸಂತ ಪೇತ್ರ ಪ್ರೇಷಿತರ ಸಂಘದ ಕೇಂದ್ರ ರೋಮಿಗೆ ಬಂದಿತು. 1922ರ ಮೇ 3ರಂದು ಹನ್ನೊಂದನೆಯ ಪಯಸ್ ಪೋಪರು ಅದಕ್ಕೆ 'ಪೊಂಟಿಫಿಕಲ್' ಎಂಬ, ಎಂದರೆ ಪೋಪರ ನೇರ ಆಶ್ರಯದ, ಸ್ಥಾನ ನೀಡಿದರು. ವಿಶ್ವಾಸ ಪ್ರಸಾರ ಸಂಘ (1822), ಪವಿತ್ರ ಬಾಲ್ಯ ಸಂಘ (1843), ಸಂತ ಪೇತ್ರ ಪ್ರೇಷಿತರ ಸಂಘ (1889) ಮತ್ತು ಮಿಷನರಿ ಒಕ್ಕೂಟ (1916) ಇವು ನಾಲ್ಕೂ ಇಂದು ಒಟ್ಟಾಗಿ ಪೊಂಟಿಫಿಕಲ್ ಮಿಷನ್ ಸಂಘಗಳು ಎನಿಸಿಕೊಂಡಿವೆ.

ಇವಲ್ಲದೆ, ಎರಡನೆಯ ಮಹಾಯುದ್ಧದ ನಿರಾಶ್ರಿತರ ನೆರವಿಗಾಗಿ ವೆರೆನ್‌ಫ್ರೀಡ್ ವಾನ್ ಸ್ಟ್ರಾಟನ್ ಎಂಬ ಗುರು 1947ರಲ್ಲಿ ಆರಂಭಿಸಿದ ಸಂಕಷ್ಟದಲ್ಲಿರುವ ಧರ್ಮಸಭೆಗೆ ನೆರವು ಎಂಬ ಸಂಸ್ಥೆಯೂ ಅನೇಕ ದೇಶಗಳ ಗುರು ಅಭ್ಯರ್ಥಿಗಳಿಗೆ ಸಹಾಯ ಮಾಡುತ್ತಿದೆ.

ಭಾರತದಲ್ಲಿ

ಹದಿಮೂರನೆಯ ಲಿಯೊ ಪೋಪರು 1893ರ ಜೂನ್ 24ರಂದು 'ಆದ್ ಎಕ್ಸ್‌ತ್ರೇಮಾಸ್' ಎಂಬ ಪತ್ರವನ್ನು ಹೊರಡಿಸಿ, ಭಾರತದಲ್ಲಿ ಭಾರತೀಯರೇ ಗುರುಗಳಾಗಬೇಕಾದ ಅಗತ್ಯವನ್ನು ವಿವರಿಸಿದರು. ಗುರುಮಠಗಳ ಸ್ಥಾಪನೆಗೆ ಯೂರೋಪಿನ ಭಕ್ತರು ಉದಾರವಾಗಿ ನೆರವಾಗಬೇಕೆಂದು ಅದರಲ್ಲಿ ಕೇಳಿಕೊಂಡರು. ಅದೇ ವರ್ಷ ಸಿಂಹಳದ ಕ್ಯಾಂಡಿಯಲ್ಲಿ ಪೇಪಲ್ ಸೆಮಿನರಿ ಆರಂಭವಾಯಿತು. ಭಾರತದ ಮಕ್ಕಳೇ ಭಾರತದ ಆಧ್ಯಾತ್ಮಿಕ ಸೇವೆಗೆ ನಿಲ್ಲುವರೆಂಬ ಆಶಯದ ಲ್ಯಾಟಿನ್ ಧ್ಯೇಯವಾಕ್ಯವು ಈ ಸಂಸ್ಥೆಯದು. 1955ರಲ್ಲಿ ಇದು ಪುಣೆಗೆ ಸ್ಥಳಾಂತರಗೊಂಡಿತು.

1923ರಲ್ಲಿ ತಿಬುರ್ತಿಯಸ್ ರೋಚ್ ಅವರು ತೂತುಕುಡಿಯ ಧರ್ಮಾಧ್ಯಕ್ಷರಾದರು. ಆಧುನಿಕ ಕಾಲದಲ್ಲಿ ಲ್ಯಾಟಿನ್ ವಿಧಿಯ ಧರ್ಮಕ್ಷೇತ್ರವೊಂದರ ನೇತೃತ್ವ ಭಾರತೀಯರ ಕೈಗೆ ಬಂದುದರ ಆರಂಭವಿದು. ಒಂದು ಕಾಲದಲ್ಲಿ ವಿದೇಶೀ ಗುರುಗಳನ್ನೂ ವಿದೇಶೀ ಹಣವನ್ನೂ ಅವಲಂಬಿಸಿದ್ದ ದೇಶವು ಇಂದು ಯೂರೋಪ್, ಅಮೆರಿಕ ಮತ್ತು ಆಫ್ರಿಕಾಗಳಿಗೆ ಗುರುಗಳನ್ನು ಕಳುಹಿಸುತ್ತಿದೆ.

ಕರ್ನಾಟಕದಲ್ಲಿ

ಮಂಗಳೂರಿನ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಸೆಮಿನರಿಯು 1879ರಲ್ಲಿ ಆರಂಭವಾಯಿತು. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಇಟಲಿಯ ಯೇಸುಸಭೆಯ ಗುರುಗಳು ಕೈಗೊಂಡ ಮೊದಲ ಕಾರ್ಯಗಳಲ್ಲಿ ಇದೂ ಒಂದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಪೊಂಟಿಫಿಕಲ್ ಸೆಮಿನರಿಯು ಪುದುಚೇರಿಯಿಂದ 1934ರಲ್ಲಿ ಇಲ್ಲಿಗೆ ಬಂದುದು. ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಗಳು ಅದನ್ನು ನಡೆಸುತ್ತಿದ್ದರು. ನಾಗಸಾಕಿಯಿಂದ ಬಿಗಾರ್ ಕುಟುಂಬಕ್ಕೆ ಪತ್ರ ಬರೆದ ಧರ್ಮಾಧ್ಯಕ್ಷರೂ ಇದೇ ಸಂಸ್ಥೆಗೆ ಸೇರಿದವರು.

ಗುರುಮಠ ಸೇರಿದವರೆಲ್ಲರೂ ಗುರುಗಳಾಗುವುದಿಲ್ಲ ಎಂಬುದಕ್ಕೆ ಕರ್ನಾಟಕದ ಪ್ರಸಿದ್ಧ ಉದಾಹರಣೆ ಜಾರ್ಜ್ ಫರ್ನಾಂಡಿಸ್. 1930ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು 1946ರಲ್ಲಿ ಬೆಂಗಳೂರಿನ ಸಂತ ಪೇತ್ರರ ಸೆಮಿನರಿಗೆ ಸೇರಿ ತತ್ತ್ವಶಾಸ್ತ್ರವನ್ನು ಅಭ್ಯಸಿಸಿದರು. ಕೆಲವು ವರ್ಷಗಳಲ್ಲಿಯೇ ಅದನ್ನು ಬಿಟ್ಟು ಹೊರಬಂದು ಕಾರ್ಮಿಕ ನಾಯಕರಾದರು. ಮುಂದೆ ದೇಶದ ರಕ್ಷಣಾ ಸಚಿವರೂ ಆದರು.

ದಾನದ ವಿಧಗಳು

ಸಾಮೂಹಿಕ ಕಾಣಿಕೆ: ಬಲಿಪೂಜೆಯ ವೇಳೆ ಸಂಗ್ರಹಿಸುವ ಕಾಣಿಕೆಯನ್ನು ವರ್ಷದ ಗೊತ್ತಾದ ದಿನ ಗುರುಮಠಕ್ಕಾಗಿ ತೆಗೆದಿಡುವುದು ಹಲವು ಧರ್ಮಕ್ಷೇತ್ರಗಳ ರೂಢಿ. ಪಾಸ್ಖ ಕಾಲದ ನಾಲ್ಕನೆಯ ಭಾನುವಾರವನ್ನು ದೈವಕರೆಗಾಗಿ ಪ್ರಾರ್ಥಿಸುವ ವಿಶ್ವ ದಿನವಾಗಿ ಆಚರಿಸಲಾಗುತ್ತದೆ. ಆರನೆಯ ಪೌಲ್ ಪೋಪರ ಆಶಯದಂತೆ 1964ರಿಂದ ಈ ಆಚರಣೆ ನಡೆದುಬಂದಿದೆ.

ಅಭ್ಯರ್ಥಿಯ ಪೋಷಣೆ: ದಾನಿಯೊಬ್ಬರು ಒಬ್ಬ ಅಭ್ಯರ್ಥಿಯ ಒಂದು ವರ್ಷದ ಅಥವಾ ಇಡೀ ತರಬೇತಿಯ ಖರ್ಚನ್ನು ವಹಿಸಿಕೊಳ್ಳುವುದು. ಬಿಗಾರ್ ತಾಯಿ ಮಗಳ ಕಾಲದಲ್ಲಿ ಇದು 'ದತ್ತು' ಎಂಬ ಹೆಸರಿನಿಂದ ಜನಪ್ರಿಯವಾಗಿತ್ತು.

ಶಾಶ್ವತ ದತ್ತಿ: ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಅಭ್ಯರ್ಥಿಯ ಖರ್ಚನ್ನು ಭರಿಸುವ ವ್ಯವಸ್ಥೆ. ತೀರಿಕೊಂಡ ತಂದೆ ತಾಯಿಯರ ನೆನಪಿಗಾಗಿ ಅಥವಾ ಮದುವೆಯ ವಾರ್ಷಿಕೋತ್ಸವದ ಸಂದರ್ಭದಲ್ಲಿ ಇಂತಹ ದತ್ತಿಗಳನ್ನು ಸ್ಥಾಪಿಸುತ್ತಾರೆ. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಉದಾಹರಣೆಗೆ, 10 ಲಕ್ಷ ರೂಪಾಯಿಯ ದತ್ತಿಗೆ ಶೇಕಡಾ 6ರಂತೆ ವರ್ಷಕ್ಕೆ 60 ಸಾವಿರ ರೂಪಾಯಿ ಬಡ್ಡಿ ಬರುತ್ತದೆಂದೂ, ಅಭ್ಯರ್ಥಿಯೊಬ್ಬನ ವಾರ್ಷಿಕ ಖರ್ಚು ಅಷ್ಟೇ ಎಂದೂ ಇಟ್ಟುಕೊಳ್ಳೋಣ. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷಗಳ ನಂತರ ಆ ಖರ್ಚು ಸುಮಾರು 1 ಲಕ್ಷ 20 ಸಾವಿರವಾಗುತ್ತದೆ. ಬಡ್ಡಿ ಮಾತ್ರ 60 ಸಾವಿರವೇ ಉಳಿದಿರುತ್ತದೆ. ಆದುದರಿಂದ ಬಡ್ಡಿಯ ಒಂದಂಶವನ್ನು ಮೂಲಧನಕ್ಕೆ ಸೇರಿಸುತ್ತ ಹೋಗದಿದ್ದರೆ 'ಶಾಶ್ವತ' ದತ್ತಿಯು ಹೆಸರಿಗಷ್ಟೇ ಉಳಿಯುತ್ತದೆ.

ವಸ್ತುರೂಪದ ದಾನ: ಅಕ್ಕಿ, ತೆಂಗಿನಕಾಯಿ, ತರಕಾರಿ, ಪುಸ್ತಕ, ಬಟ್ಟೆ ಮುಂತಾದವನ್ನು ಗುರುಮಠಕ್ಕೆ ನೀಡುವುದು. ಹೊಸದಾಗಿ ದೀಕ್ಷೆ ಪಡೆಯುವವರಿಗೆ ಪೂಜಾವಸ್ತ್ರ ಮತ್ತು ಪೂಜಾಪಾತ್ರೆಯನ್ನು ಬಂಧುಗಳು ಅಥವಾ ಊರಿನವರು ಕೊಡಿಸುವುದೂ ಇದೆ.

ಉಯಿಲು ಮತ್ತು ಸ್ಥಿರಾಸ್ತಿ: ಉಯಿಲಿನ ಮೂಲಕ ಹಣವನ್ನೋ ಜಮೀನನ್ನೋ ಬಿಟ್ಟುಹೋಗುವುದು.

ಸೇವಾದಾನ: ವೈದ್ಯರು, ನಿವೃತ್ತ ಅಧ್ಯಾಪಕರು, ಲೆಕ್ಕಪರಿಶೋಧಕರು ಮುಂತಾದವರು ತಮ್ಮ ಸೇವೆಯನ್ನು ಉಚಿತವಾಗಿ ನೀಡುವುದು.

ಧರ್ಮಸಭೆಯ ನಿಯಮಗಳು

ಲ್ಯಾಟಿನ್ ವಿಧಿಗೆ ಅನ್ವಯಿಸುವ 1983ರ ಕಾನೂನು ಸಂಹಿತೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಹಲವು ವಿಧಿಗಳಿವೆ. ದೈವಕರೆಯನ್ನು ಪೋಷಿಸುವ ಹೊಣೆ ಇಡೀ ಕ್ರೈಸ್ತ ಸಮುದಾಯದ್ದೆಂದು 233ನೆಯ ವಿಧಿ ಹೇಳುತ್ತದೆ. ಗುರುಮಠದ ನಿರ್ವಹಣೆ, ಅಭ್ಯರ್ಥಿಗಳ ಪೋಷಣೆ ಮತ್ತು ಅಧ್ಯಾಪಕರ ಸಂಭಾವನೆಗೆ ವ್ಯವಸ್ಥೆ ಮಾಡುವುದು ಧರ್ಮಾಧ್ಯಕ್ಷರ ಕರ್ತವ್ಯವೆಂದು 263ನೆಯ ವಿಧಿ ತಿಳಿಸುತ್ತದೆ. ಇದಕ್ಕಾಗಿ ಕಾಣಿಕೆ ಸಂಗ್ರಹದ ಜೊತೆಗೆ ಧರ್ಮಕ್ಷೇತ್ರದ ಸಂಸ್ಥೆಗಳ ಮೇಲೆ ಅವುಗಳ ಆದಾಯಕ್ಕೆ ಅನುಗುಣವಾಗಿ ವಂತಿಗೆ ವಿಧಿಸಲು 264ನೆಯ ವಿಧಿ ಅವಕಾಶ ನೀಡುತ್ತದೆ. ಭಿಕ್ಷೆಯಿಂದಲೇ ಬದುಕುವ ಸಂಸ್ಥೆಗಳಿಗೆ ಇದರಿಂದ ವಿನಾಯಿತಿಯಿದೆ.

ದಾನಿಯ ದೃಷ್ಟಿಯಿಂದ ಅತ್ಯಂತ ಮುಖ್ಯವಾದುದು 1267ನೆಯ ವಿಧಿ. ನಿರ್ದಿಷ್ಟ ಉದ್ದೇಶಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬೇಕೆಂದು ಅದು ವಿಧಿಸುತ್ತದೆ. ಅಭ್ಯರ್ಥಿಗಳ ಶಿಕ್ಷಣಕ್ಕೆ ಕೊಟ್ಟ ಹಣದಿಂದ ಚರ್ಚಿನ ಆವರಣಗೋಡೆ ಕಟ್ಟುವಂತಿಲ್ಲ. ಭಕ್ತರು ನೀಡಿದ ಕಾಣಿಕೆಗಳ ಲೆಕ್ಕವನ್ನು ಸ್ಥಳೀಯ ನಿಯಮಗಳಂತೆ ಅವರಿಗೆ ಒಪ್ಪಿಸಬೇಕೆಂದು 1287ನೆಯ ವಿಧಿ ಹೇಳುತ್ತದೆ.

ಭಾರತದ ಕಾನೂನುಗಳು

ವಿದೇಶಗಳಿಂದ ಬರುವ ದಾನಕ್ಕೆ 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆ ಅನ್ವಯಿಸುತ್ತದೆ. ವಂತಿಗೆ ಸ್ವೀಕರಿಸುವ ಸಂಸ್ಥೆಯು ನೋಂದಣಿ ಅಥವಾ ಪೂರ್ವಾನುಮತಿ ಪಡೆದಿರಬೇಕು. 2020ರ ತಿದ್ದುಪಡಿಯ ನಂತರ ಇಂತಹ ಹಣವನ್ನು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಯ ಮೂಲಕವೇ ಸ್ವೀಕರಿಸಬೇಕು; ಅದನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ; ಆಡಳಿತ ವೆಚ್ಚವು ಶೇಕಡಾ 20ನ್ನು ಮೀರುವಂತಿಲ್ಲ. ಕೇಂದ್ರ ಕಚೇರಿಯೊಂದು ಹಣ ಪಡೆದು ವಿವಿಧ ಗುರುಮಠಗಳಿಗೆ ಹಂಚುವ ಹಳೆಯ ಪದ್ಧತಿಗೆ ಇದರಿಂದ ಅವಕಾಶ ತಪ್ಪಿತು.

ಆದಾಯ ತೆರಿಗೆ ಕಾನೂನಿನಡಿ ದಾನಗಳಿಗೆ ದೊರೆಯುವ ವಿನಾಯಿತಿಯು ಸಂಪೂರ್ಣವಾಗಿ ಅಥವಾ ಬಹುತೇಕ ಧಾರ್ಮಿಕ ಸ್ವರೂಪದ ಉದ್ದೇಶಗಳಿಗೆ ಅನ್ವಯಿಸುವುದಿಲ್ಲ. ಆದುದರಿಂದ ಗುರುಮಠಕ್ಕೆ ನೀಡುವ ದಾನವು ಸಾಮಾನ್ಯ ಶಾಲೆಗೆ ಅಥವಾ ಆಸ್ಪತ್ರೆಗೆ ನೀಡುವ ದಾನದಂತೆ ತೆರಿಗೆ ರಿಯಾಯಿತಿ ತರುತ್ತದೆಂದು ದಾನಿಗಳು ಭಾವಿಸಬಾರದು.

ಚರ್ಚೆಗಳು ಮತ್ತು ವಿಮರ್ಶೆ

ದಾನ ಮತ್ತು ಸ್ವಾತಂತ್ರ್ಯ: ಅಭ್ಯರ್ಥಿಯು ತರಬೇತಿಯ ಯಾವುದೇ ಹಂತದಲ್ಲಿ ಗುರುಮಠವನ್ನು ಬಿಡಬಹುದು, ಆತನು ಯೋಗ್ಯನಲ್ಲವೆಂದು ಕಂಡರೆ ಮುಖ್ಯಸ್ಥರೂ ಕಳುಹಿಸಬಹುದು. ಜೀವನಮಾರ್ಗವನ್ನು ಆರಿಸಿಕೊಳ್ಳುವಲ್ಲಿ ಯಾರ ಮೇಲೂ ಬಲವಂತ ಸಲ್ಲದೆಂದು ಕಾನೂನು ಸಂಹಿತೆಯ 219ನೆಯ ವಿಧಿಯೂ, ದೀಕ್ಷೆ ಪಡೆಯುವವನಿಗೆ ಪೂರ್ಣ ಸ್ವಾತಂತ್ರ್ಯವಿರಬೇಕೆಂದು 1026ನೆಯ ವಿಧಿಯೂ ಹೇಳುತ್ತವೆ. ಆದರೆ ಊರಿನವರು ಹಣ ಕೂಡಿಸಿ ಓದಿಸಿದ ಬಡ ಯುವಕನಿಗೆ ಹಿಂದಿರುಗುವುದು ಸುಲಭವಲ್ಲ. ತನಗೆ ಈ ಜೀವನ ಒಗ್ಗದೆಂದು ತಿಳಿದ ಮೇಲೂ, ದಾನಿಗಳಿಗೆ ಏನೆಂದು ಮುಖ ತೋರಿಸಲಿ ಎಂಬ ಅಳುಕಿನಿಂದ ಆತನು ಮುಂದುವರಿಯುವ ಅಪಾಯವಿದೆ. ಋಣಭಾರದಿಂದ ಪಡೆದ ದೀಕ್ಷೆಯು ಗುರುವಿಗೂ ಆತನ ಜನರಿಗೂ ಹಿತಕರವಲ್ಲ. ಆದುದರಿಂದ ದಾನವನ್ನು ಗುರುದೀಕ್ಷೆಗೆ ಕೊಟ್ಟ ಬೆಲೆಯೆಂದು ಭಾವಿಸದೆ, ಆತನು ತನ್ನ ಕರೆಯನ್ನು ಪರೀಕ್ಷಿಸಿಕೊಳ್ಳಲು ಒದಗಿಸಿದ ಅವಕಾಶವೆಂದು ಭಾವಿಸಬೇಕೆಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿತವಾದ ನಿಲುವು. ನಡುವೆ ಬಿಟ್ಟವರ ಮೇಲೆ ವ್ಯಯವಾದ ಹಣ ವ್ಯರ್ಥವೇ ಎಂಬ ಪ್ರಶ್ನೆಗೆ, ಅವರು ಪಡೆದ ಭಾಷೆ, ತತ್ತ್ವಶಾಸ್ತ್ರ ಮತ್ತು ಶಿಸ್ತಿನ ಶಿಕ್ಷಣವು ಅಧ್ಯಾಪನ, ಪತ್ರಿಕೋದ್ಯಮ, ಸಮಾಜಸೇವೆ ಮುಂತಾದ ರಂಗಗಳಲ್ಲಿ ಸಮಾಜಕ್ಕೇ ಸಲ್ಲುತ್ತದೆಂದು ಉತ್ತರಿಸಲಾಗುತ್ತದೆ.

ದಾನಿ ಮತ್ತು ಅಭ್ಯರ್ಥಿಯ ನೇರ ಸಂಬಂಧ: ಒಬ್ಬ ದಾನಿಗೆ ಒಬ್ಬ ಅಭ್ಯರ್ಥಿ ಎಂಬ ಪದ್ಧತಿಯಲ್ಲಿ ಆತ್ಮೀಯತೆ ಬೆಳೆಯುತ್ತದೆ; ದಾನಿಯ ಉತ್ಸಾಹವೂ ಉಳಿಯುತ್ತದೆ. ಆದರೆ ಉದಾರಿಯಾದ ದಾನಿ ದೊರೆತವನಿಗೂ ದೊರೆಯದವನಿಗೂ ನಡುವೆ ಅಸಮಾನತೆ ಉಂಟಾಗುತ್ತದೆ. ಅಭ್ಯರ್ಥಿಯು ದಾನಿಯ ಹಂಗಿಗೆ ಬೀಳುವ ಸಂಭವವೂ ಇದೆ. ಈ ಕಾರಣದಿಂದ ಪೊಂಟಿಫಿಕಲ್ ಮಿಷನ್ ಸಂಘಗಳಲ್ಲಿ ವಿವಿಧ ದೇಶಗಳಿಂದ ಬಂದ ಕಾಣಿಕೆಗಳು ಸಾಮಾನ್ಯ ನಿಧಿಗೆ ಸೇರಿ, ಅಗತ್ಯಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ.

ಅವಲಂಬನೆ: ಹೊರದೇಶದ ಹಣದಿಂದ ನಡೆಯುವ ಗುರುಮಠವು ಸ್ಥಳೀಯರಲ್ಲಿ 'ನಮ್ಮದು' ಎಂಬ ಭಾವನೆಯನ್ನು ಮೂಡಿಸಲಾರದು ಎಂಬ ಟೀಕೆ ಹಳೆಯದು. ಯೂರೋಪಿನಲ್ಲಿ ಚರ್ಚಿಗೆ ಹೋಗುವವರ ಸಂಖ್ಯೆ ಇಳಿದಿರುವುದರಿಂದಲೂ, ವಿದೇಶಿ ವಂತಿಗೆಯ ನಿಯಮಗಳು ಬಿಗಿಯಾಗಿರುವುದರಿಂದಲೂ ಸ್ಥಳೀಯ ದಾನದ ಮಹತ್ವ ಹೆಚ್ಚುತ್ತಿದೆ. ಒಬ್ಬ ಶ್ರೀಮಂತನ ದೊಡ್ಡ ಮೊತ್ತಕ್ಕಿಂತ ನೂರು ಮನೆಗಳ ಸಣ್ಣ ಮೊತ್ತ ಹೆಚ್ಚು ಸ್ಥಿರವಾದುದೆಂಬ ಪೋಲಿನ್ ಝಾರಿಕೊಳ ಕಾಲದ ಅನುಭವ ಈ ಸಂದರ್ಭದಲ್ಲಿ ಮತ್ತೆ ಪ್ರಸ್ತುತವಾಗಿದೆ.

ಪಾರದರ್ಶಕತೆ: ಗುರು ಅಭ್ಯರ್ಥಿಗಳ ಹೆಸರಿನಲ್ಲಿ ಅಪರಿಚಿತರು ಹಣ ಕೇಳಿ ವಂಚಿಸುವ ಸಾಧ್ಯತೆ ಇರುವುದರಿಂದ, ದಾನವನ್ನು ವ್ಯಕ್ತಿಯ ಖಾತೆಗೆ ಕಳುಹಿಸದೆ ಧರ್ಮಕ್ಷೇತ್ರದ ಕಚೇರಿ ಅಥವಾ ಗುರುಮಠದ ಅಧಿಕೃತ ಖಾತೆಗೆ ಸಲ್ಲಿಸಿ ರಸೀದಿ ಪಡೆಯುವುದು ಸೂಕ್ತ. ಉದ್ದೇಶವನ್ನು ಬರವಣಿಗೆಯಲ್ಲಿ ನಮೂದಿಸಿದರೆ ಮೇಲೆ ಹೇಳಿದ 1267ನೆಯ ವಿಧಿಯ ರಕ್ಷಣೆ ಆ ದಾನಕ್ಕೆ ಸ್ಪಷ್ಟವಾಗಿ ದೊರೆಯುತ್ತದೆ.